ಗೌಜಲಿಯ ಎಡ ರಿಕಾಪು

ನಾನು ಒಂದು ರಿಕಾಪು. ಕುದುರೆಯ ಜೀನಿನಿಂದ ಚರ್ಮದ ಪಟ್ಟಿಯಲ್ಲಿ ಇಳಿಬಿದ್ದು ಸವಾರನ ಪಾದ ಹೊರುವ ಕಬ್ಬಿಣದ ಬಳೆ. ಅದರಲ್ಲೂ ಎಡಗಡೆಯದು. ಕುದುರೆ ಹತ್ತುವವನು ಮೊದಲು ಕಾಲಿಡುವುದು ನನ್ನ ಮೇಲೆ. ಇಳಿಯುವವನು ಕೊನೆಗೆ ಬಿಡುವುದೂ ನನ್ನನ್ನೇ. ಆದ್ದರಿಂದ ಮನುಷ್ಯರನ್ನು ನಾನು ನೋಡಿದ್ದೆಲ್ಲ ಕೆಳಗಿನಿಂದ. ಅಂಗಾಲು, ಹಿಮ್ಮಡಿ, ಮೊಣಕಾಲು, ಅದರಾಚೆ ಗಲ್ಲದ ಅಡಿಭಾಗ. ಬಾಯಿ ಒಂದು ಹೇಳುವಾಗ ಪಾದ ಇನ್ನೊಂದು ಹೇಳುವುದನ್ನು ನಾನು ಬೇಕಾದಷ್ಟು ಸಲ ಕಂಡಿದ್ದೇನೆ.

ನಾನು ಹುಟ್ಟಿದ್ದು ಚನ್ನರಾಯನದುರ್ಗದ ಬೆಟ್ಟದ ಬುಡದಲ್ಲಿ. ಆ ಸೀಮೆಯ ಹಳ್ಳದ ಕರಿಮರಳನ್ನು ಕರಗಿಸಿ ಕಬ್ಬಿಣ ತೆಗೆಯುತ್ತಿದ್ದರು. ಕಮ್ಮಾರ ವೀರಾಚಾರಿ ಒಂದೇ ಸರಳನ್ನು ಕಾಯಿಸಿ, ನಡುವೆ ಕಡಿದು, ನನ್ನನ್ನೂ ನನ್ನ ಜೊತೆಯವನನ್ನೂ ಮಾಡಿದ. ಕೆಲಸ ಮುಗಿದ ಮೇಲೆ ನಮ್ಮಿಬ್ಬರನ್ನೂ ದಾರದಲ್ಲಿ ಎತ್ತಿ ಹಿಡಿದು ಸುತ್ತಿಗೆಯಿಂದ ತಟ್ಟಿದ. ಒಂದೇ ದನಿ ಬಂತು. "ಜೋಡಿ ಕೂಡ್ತು," ಎಂದು ಪಕ್ಕಕ್ಕಿಟ್ಟ. ಅವನು ನಮ್ಮ ಬಗ್ಗೆ ಆಡಿದ್ದು ಅಷ್ಟೇ ಮಾತು.

ನಮ್ಮನ್ನು ಕೊಂಡವನು ಸಿರಾದ ಯೇಸಾಜಿರಾಯ. ಅವನು ಸಿಲ್ಲೇದಾರ. ಅಂದರೆ ಸ್ವಂತ ಕುದುರೆಗಳನ್ನು ಮೈಸೂರು ಸರ್ಕಾರದ ದಂಡಿಗೆ ಒಪ್ಪಿಸಿ, ಅದರ ಮೇಲೆ ಬದುಕುವವನು. ಅವನೇ ಕೂತು ಯುದ್ಧಕ್ಕೆ ಹೋಗುವ ಕಾಲ ಮುಗಿದಿತ್ತು, ಹೊಟ್ಟೆ ಬಂದಿತ್ತು. ಅವನ ಕುದುರೆಗಳ ಮೇಲೆ ಬೇರೆಯವರು ಕೂರುತ್ತಿದ್ದರು. ಅಂಥವರನ್ನು ಬಾರ್ಗೀರರು ಎನ್ನುತ್ತಿದ್ದರು. ಕುದುರೆ ಧಣಿಯದು, ಜೀವ ಬಾರ್ಗೀರನದು. ದಂಡಿನಲ್ಲಿ ಧಣಿಯ ಕುದುರೆಗೆ ಹೆಸರಿತ್ತು, ಗುರುತಿತ್ತು. ಮೇಲೆ ಕೂತವನು ಇವತ್ತು ಇವನು, ನಾಳೆ ಇನ್ನೊಬ್ಬ.

ನನ್ನನ್ನು ಕಟ್ಟಿದ ಜೀನು ಗೌಜಲಿ ಎಂಬ ಹೆಣ್ಣುಕುದುರೆಯದು. ಗೌಜಲ ಹಕ್ಕಿಯ ಹಾಗೆ ಬೂದುಬಣ್ಣದ ಮೇಲೆ ಕಂದು ಚುಕ್ಕೆ. ಎತ್ತರ ಸಾಲದು, ಆದರೆ ಬೆನ್ನು ಗಟ್ಟಿ. ಅವಳ ಮೇಲೆ ಕೂರುತ್ತಿದ್ದವನು ದುರ್ಗದ ಕಡೆಯ ಬೇಡರ ಸೂರಯ್ಯ. ಬರಿಗಾಲಿನವನು. ಹೆಬ್ಬೆರಳನ್ನು ನನ್ನ ಅಂಚಿಗೆ ಒತ್ತಿ ಹಿಡಿದು ಕೂರುವುದು ಅವನ ರೂಢಿ. ಚಳಿಗಾಲದಲ್ಲಿ ಕಬ್ಬಿಣ ಕೊರೆಯದಿರಲೆಂದು ಅವನ ತಾಯಿ ಕರಿಕಂಬಳಿಯ ನೂಲನ್ನು ನನ್ನ ತಳಕ್ಕೆ ಸುತ್ತಿಕೊಟ್ಟಿದ್ದಳು.

ಆ ವರ್ಷ ಗೌಜಲಿ ಮರಿ ಹಾಕಲು ಬಹಳ ಕಷ್ಟಪಟ್ಟಳು. ಮರಿಯ ಕಾಲು ಅಡ್ಡ ಸಿಕ್ಕಿತ್ತು. ಸೂರಯ್ಯ ಮೊಣಕೈವರೆಗೆ ಎಣ್ಣೆ ಹಚ್ಚಿಕೊಂಡು ಕೈಹಾಕಿ ಅದನ್ನು ಸರಿಮಾಡಿದ. ತಾಯಿ, ಮರಿ ಎರಡೂ ಉಳಿದವು. ಮರಿ ಹಾಲು ಬಿಟ್ಟು ಹುಲ್ಲು ಕಡಿಯುವ ಹೊತ್ತಿಗೆ ದಂಡಿಗೆ ಹೊರಡುವ ಕರೆ ಬಂತು. ಹೊರಡುವ ದಿನ ಯೇಸಾಜಿರಾಯ ಲಾಯಕ್ಕೆ ಬಂದು ಮರಿಯ ಬೆನ್ನ ಮೇಲೆ ಕೈಯಿಟ್ಟ.

"ಸೂರಯ್ಯ, ಇದನ್ನ ಉಳಿಸಿದೋನು ನೀನು. ದಂಡಿಂದ ಬರುವಾಗ ಕುದುರೆ ತಾ, ಇಲ್ಲ ಅದರ ಮುದ್ರೆ ತಾ. ಎರಡರಲ್ಲಿ ಯಾವುದು ತಂದ್ರೂ ಈ ಮರಿ ನಿಂದು. ಎರಡೂ ಇಲ್ದೆ ಬಂದ್ಯೋ, ಈ ಕಡೆ ತಲೆ ಹಾಕಬ್ಯಾಡ."

"ಕುದುರೇನೇ ತತ್ತೀನಿ, ಧಣಿ," ಎಂದ ಸೂರಯ್ಯ. ಅವನ ಹೆಬ್ಬೆರಳು ನನ್ನನ್ನು ಬಲವಾಗಿ ಒತ್ತಿತು.

ಮುದ್ರೆ ಎಂದರೇನೆಂದು ಇಲ್ಲಿ ಹೇಳಬೇಕು. ದಂಡಿಗೆ ಸೇರಿದ ಪ್ರತಿ ಕುದುರೆಯ ಬಲತೊಡೆಯ ಮೇಲೆ ಕಾದ ಕಬ್ಬಿಣದಿಂದ ಸರ್ಕಾರದ ಗುರುತು ಹಾಕುತ್ತಿದ್ದರು. ಕದನದಲ್ಲಿ ಕುದುರೆ ಸತ್ತರೆ, ಸವಾರ ಆ ಗುರುತಿನ ಚರ್ಮವನ್ನು ಅಂಗೈಯಗಲ ಕುಯ್ದು, ಉಪ್ಪು ಸವರಿ ತರಬೇಕು. ಚರ್ಮ ತೋರಿಸಿದರೆ ಕುದುರೆ ಸತ್ತದ್ದು ನಿಜ, ಸಿಲ್ಲೇದಾರನಿಗೆ ಬದಲಿ ಕುದುರೆ ಸಿಗುತ್ತಿತ್ತು. ತೋರಿಸದಿದ್ದರೆ ಸವಾರ ಅದನ್ನು ಮಾರಿಕೊಂಡಿದ್ದಾನೆ ಎಂದೇ ಅರ್ಥ. ಈ ಪದ್ಧತಿ ಹುಟ್ಟಿದ್ದು ಮೋಸ ತಡೆಯಲು. ಅದರಿಂದ ಹೊಸ ಮೋಸವೂ ಹುಟ್ಟಿತು. ಕೆಲವರು ಬದುಕಿದ್ದ ಕುದುರೆಯ ಚರ್ಮ ಕುಯ್ದು ದಂಡಿಗೆ ತೋರಿಸಿ, ಕುದುರೆಯನ್ನು ಗುಟ್ಟಾಗಿ ಸಾಗಿಸುತ್ತಿದ್ದರು. ಎರಡರಲ್ಲಿ ಯಾವ ಮೋಸಕ್ಕೆ ಸಿಕ್ಕಿಬಿದ್ದವನನ್ನೂ ತಲೆ ಬೋಳಿಸಿ, ಕತ್ತೆಯ ಮೇಲೆ ಹಿಂದುಮುಂದಾಗಿ ಕೂರಿಸಿ ದಂಡಿನಿಂದ ಓಡಿಸುತ್ತಿದ್ದರು. ಆಮೇಲೆ ಯಾವ ಸಿಲ್ಲೇದಾರನೂ ಅವನ ಕೈಗೆ ಲಗಾಮು ಕೊಡುತ್ತಿರಲಿಲ್ಲ.

ಸೂರಯ್ಯನಿಗೆ ಬೇಕಾಗಿದ್ದು ಒಂದೇ. ಸ್ವಂತ ಕುದುರೆ. ಅದಿದ್ದರೆ ಅವನೇ ಸಿಲ್ಲೇದಾರ. ದಾರಿಯುದ್ದಕ್ಕೂ ಅವನು ಮಾತಾಡಿದ್ದು ಆ ಮರಿಯ ಬಗ್ಗೆಯೇ.

"ಅದಕ್ಕೆ ಹೆಸರಿಟ್ಟಿದೀಯೇನೋ?" ಎಂದು ಕೇಳುತ್ತಿದ್ದ ಪಕ್ಕದ ಸವಾರ ಇಮಾಂಬೇಗ. ಅವನೂ ಸಿರಾದವನೇ, ಯೇಸಾಜಿರಾಯನ ಇನ್ನೊಂದು ಕುದುರೆಯ ಬಾರ್ಗೀರ.

"ಕೈಗೆ ಬರ್ಲಿ. ಆಮ್ಯಾಕೆ ಇಟ್ಟರಾಯ್ತು."

"ನನ್ ಹೆಸರಿಡು ಭಾಯಿ. ದಿನಾ ಒಂದು ಸಲನಾದ್ರೂ ನನ್ನ ಮೈ ಉಜ್ಜಿದಂಗಾಗ್ತದೆ ನಿಂಗೆ."

"ಹೆಣ್ಗುದುರೆ ಕಣೋ ಅದು."

"ಆಗ್ಲಿ ಬಿಡು. ನಮ್ಮತ್ತೆ ಹೆಸರಿಡು. ಒದಿಯೋದು ಕಲಿಸೋದೇ ಬ್ಯಾಡ."

1803ರ ಬೇಸಿಗೆಗೆ ಮುಂಚೆ ದಂಡು ಹರಿಹರದಿಂದ ತುಂಗಭದ್ರೆ ದಾಟಿ ಉತ್ತರಕ್ಕೆ ನಡೆಯಿತು. ಯುದ್ಧ ಇಂಗ್ಲಿಷರಿಗೂ ಮರಾಠ ಸರದಾರರಿಗೂ. ಮೈಸೂರಿನ ಸವಾರರು ಇಂಗ್ಲಿಷರ ಜೊತೆ. ಯಾಕೆ ಎಂದು ಸವಾರರಿಗೆ ಯಾರೂ ವಿವರಿಸಲಿಲ್ಲ. ಬೀಡಿನಲ್ಲಿ ಕೇಳಿಬಂದದ್ದಿಷ್ಟು: ಸಮುದ್ರದಾಚೆ ಫ್ರೆಂಚರ ನೆಪೋಲಿಯನ್ ಎಂಬವನೊಡನೆ ಇಂಗ್ಲಿಷರು ಮತ್ತೆ ಯುದ್ಧಕ್ಕಿಳಿದಿದ್ದಾರೆ, ಮರಾಠರ ಕೆಲವು ಪಡೆಗಳನ್ನು ತಯಾರು ಮಾಡಿದವರು ಫ್ರೆಂಚರು, ಆದ್ದರಿಂದ ಅವನ್ನು ಮುರಿಯಬೇಕು. ಯಾವ ದೇಶದಲ್ಲೋ ಇದ್ದ ಒಬ್ಬನ ಭಯಕ್ಕಾಗಿ ಚನ್ನರಾಯನದುರ್ಗದ ಕಬ್ಬಿಣ ಉತ್ತರದ ವರಾಡ ಸೀಮೆಯ ಜೋಳದ ಹೊಲಕ್ಕೆ ಹೋಗಿ ನಿಂತಿತು.

ಅದು ನವೆಂಬರ್ ಕೊನೆ, ಅಡಗಾವ್ ಎಂಬ ಊರಿನ ಬಯಲು. ಜೋಳ ಕುದುರೆಯ ಕಿವಿಯೆತ್ತರ ನಿಂತಿತ್ತು. ದಂಡು ದೂರ ನಡೆದು ದಣಿದಿತ್ತು, ಇಳಿದುಕೊಳ್ಳುವ ಹೊತ್ತು. ಮೈಸೂರು ಸವಾರರನ್ನು ಮುಂದಕ್ಕೆ ಕಳಿಸಿದ್ದರು. ಎದುರು ಮರಾಠ ಸವಾರರ ಗುಂಪುಗಳು ಕಂಡವು. ಮೊದಲು ಒಬ್ಬರನ್ನೊಬ್ಬರು ರೇಗಿಸುವ ಆಟ. ಇವರು ನಾಲ್ಕು ಮಾರು ನುಗ್ಗುವುದು, ಅವರು ಹಿಂದೆ ಸರಿಯುವುದು. ಅವರು ನುಗ್ಗುವುದು, ಇವರು ತಿರುಗುವುದು. ಕೂಗಾಟದಲ್ಲಿ ಬೈಗುಳವೇ ಹೆಚ್ಚು. ಇತ್ತಲಿನ ಎಷ್ಟೋ ಜನರ ಮನೆಮಾತೂ ಮರಾಠಿಯೇ ಆದ್ದರಿಂದ ಬೈಗುಳ ಎರಡೂ ಕಡೆಗೆ ಚೆನ್ನಾಗಿ ತಿಳಿಯುತ್ತಿತ್ತು.

ಆಮೇಲೆ ಜೋಳದ ಸಾಲು ಸೀಳಿಕೊಂಡು ಅವರ ದೊಡ್ಡ ಗುಂಪೊಂದು ಪಕ್ಕದಿಂದ ಬಂತು.

ಕುದುರೆಸವಾರರ ಕದನ ಎಂದರೆ ಜನ ಏನೇನೋ ಕಲ್ಪಿಸಿಕೊಳ್ಳುತ್ತಾರೆ. ನಾನಿದ್ದ ಎತ್ತರದಿಂದ ಅದು ಹೀಗಿತ್ತು: ಧೂಳು, ಮುರಿದ ದಂಟು, ಒಂದು ರಿಕಾಪು ಇನ್ನೊಂದಕ್ಕೆ ತಗುಲಿ ಸಿಕ್ಕಿಕೊಳ್ಳುವ ಸದ್ದು, ಯಾರದೋ ಮೊಣಕಾಲು ಯಾರದೋ ಮೊಣಕಾಲಿಗೆ ಬಡಿಯುವುದು. ಹೆಚ್ಚಿನ ಏಟುಗಳು ಗಾಳಿಗೆ. ಬಿದ್ದ ಏಟುಗಳಲ್ಲಿ ಹೆಚ್ಚಿನವು ಕುದುರೆಗಳಿಗೆ. ಸವಾರ ಸಿಕ್ಕದಿದ್ದರೆ ಕುದುರೆ ಸಿಕ್ಕೇ ಸಿಗುತ್ತದೆ.

ಒಂದು ಭರ್ಜಿ ಗೌಜಲಿಯ ಕತ್ತಿನ ಬುಡಕ್ಕೆ ಹೋಯಿತು. ಅವಳು ಮುಂಗಾಲು ಮಡಿಸಿ ಎಡಕ್ಕೆ ಬಿದ್ದಳು. ಸೂರಯ್ಯನ ಎಡಗಾಲು, ಅದನ್ನು ಹಿಡಿದಿದ್ದ ನಾನು, ಇಬ್ಬರೂ ಅವಳ ಪಕ್ಕೆಯಡಿ ಸಿಕ್ಕಿಕೊಂಡೆವು. ಸವಾರರ ಅಲೆ ನಮ್ಮ ಮೇಲೆ ಹಾದು ಹಿಂದಕ್ಕೆ ಹೋಯಿತು. ಸೂರಯ್ಯ ಬಾಕು ತೆಗೆದು ನನ್ನ ಚರ್ಮದ ಪಟ್ಟಿ ಕತ್ತರಿಸಿ ಕಾಲು ಎಳೆದುಕೊಂಡ. ಪಾದ ಊದಿ ನನ್ನಿಂದ ಸುಲಭಕ್ಕೆ ಬಿಡಲಿಲ್ಲ. ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡ.

ಆ ಗುಂಪು ತಿರುಗಿ ಬರುತ್ತಿತ್ತು. ನೆಲ ಅದುರುವುದು ಕೇಳಿಸುತ್ತಿತ್ತು. ಸೂರಯ್ಯ ಗೌಜಲಿಯ ಮೂಗಿಗೆ ಕೈಯಿಟ್ಟ, ತೆಗೆದ. ಕಣ್ಣು ಮಿಟುಕಿಸಲಿಲ್ಲ ಅವಳು. ಅವನಿಗೆ ಕುದುರೆ ಹೋಯಿತು, ಉಳಿದದ್ದು ಮುದ್ರೆ. ಅದೂ ಇಲ್ಲದಿದ್ದರೆ ಸಿರಾದ ಲಾಯದ ಮರಿ ಅವನದಾಗುವುದಿಲ್ಲ.

ಇಷ್ಟನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ: ಅವಳು ಸತ್ತಿರಲಿಲ್ಲ. ಕ್ಷಣದ ಹಿಂದೆ ಅವಳ ಪಕ್ಕೆಗೂ ನೆಲಕ್ಕೂ ನಡುವೆ ಒತ್ತಿಕೊಂಡಿದ್ದವನು ನಾನು. ಉಸಿರು ನಿಧಾನವಾಗಿತ್ತು, ಆದರೆ ಇತ್ತು. ಬಾಕು ಬಲತೊಡೆಯ ಚರ್ಮಕ್ಕೆ ತಾಕಿದಾಗ ಆ ಚರ್ಮ ನೊಣ ಕೂತಾಗ ಅದುರುವ ಹಾಗೆ ಅದುರಿತು. ಸೂರಯ್ಯನ ಕೈ ನಿಂತಿತು. ಆಮೇಲೆ ಕುಯ್ಯಿತು.

"ಸೂರ್ಯಾ, ಬಾರೋ," ಎಂದು ಇಮಾಂಬೇಗ ಕುದುರೆ ತಿರುಗಿಸಿಕೊಂಡು ಬಂದ. ಸೂರಯ್ಯ ಒಂದು ಕೈಯಲ್ಲಿ ಹಸಿ ಚರ್ಮ ಹಿಡಿದು, ಇನ್ನೊಂದರಲ್ಲಿ ಇಮಾಂಬೇಗನ ರಿಕಾಪಿನ ಪಟ್ಟಿಗೆ ಜೋತುಬಿದ್ದು ಓಡಿದ. ಹಿಂದಿನಿಂದ ಇಂಗ್ಲಿಷರ ಕಾಲಾಳುಗಳು ಬಂದು ನಮ್ಮವರಿಗೆ ಒತ್ತಾಸೆಯಾದರು. ಸಂಜೆಯೊಳಗೆ ದೊಡ್ಡ ಯುದ್ಧವೂ ನಡೆದು ಮುಗಿಯಿತು. ಮರಾಠರು ಸೋತರು. ಅದು ಚರಿತ್ರೆಯ ಮಾತು. ಬರೆದಿಟ್ಟವರು ಬೇರೆ ಇದ್ದಾರೆ.

ಮುದ್ರೆ ಪರೀಕ್ಷಿಸುವ ಅಧಿಕಾರಿ ವೆಂಕಾಜಿಪಂತ. ಗಡಿಬಿಡಿಯಿಲ್ಲದ, ನಿಯಮ ತಪ್ಪದ ಮನುಷ್ಯ. ಕೈ ಚಾಚಿ ಏನನ್ನೂ ತೆಗೆದುಕೊಂಡವನಲ್ಲ. ಸೂರಯ್ಯ ಉಪ್ಪು ಸವರಿದ ಚರ್ಮವನ್ನು ಅವನ ಮುಂದೆ ಹಾಸಿದ. ಪಂತ ಗುರುತು ನೋಡಿ, ಸರಿ ಎಂದ. ಗೌಜಲಿ ಸರ್ಕಾರದ ಲೆಕ್ಕದಲ್ಲಿ ಸತ್ತಳು. ಚರ್ಮವನ್ನು ಉಳಿದ ಚರ್ಮಗಳ ಜೊತೆ ಬಿಸಿಲಿಗೆ ಹಾಕಿದರು.

ಮಾರನೆಯ ದಿನ ಅವಳು ಬೀಡಿಗೆ ನಡೆದುಬಂದಳು.

ನಾನು ಆಗ ಹುರುಳಿಚೀಲದೊಳಗಿದ್ದೆ. ಅವಳ ಹೆಜ್ಜೆ ಕೇಳಿಸಿದ ತಕ್ಷಣ ಸೂರಯ್ಯ ನನ್ನನ್ನು ಅಲ್ಲಿ ತುರುಕಿದ್ದ. ಯಾಕೆಂದರೆ ಅವಳ ಬೆನ್ನಿನ ಮೇಲೆ ಜೀನು ಇನ್ನೂ ಇತ್ತು. ಬಲಗಡೆ ನನ್ನ ಜೊತೆಯವನು ತೂಗುತ್ತಿದ್ದ. ಎಡಗಡೆ ಕತ್ತರಿಸಿದ ಪಟ್ಟಿ. ಆದ್ದರಿಂದ ಮುಂದಿನದು ನಾನು ಕೇಳಿದ್ದು, ಕಂಡದ್ದಲ್ಲ. ಕಾಣದ ಭಾಗವನ್ನು ಇಮಾಂಬೇಗ ಆಮೇಲೆ ಹೇಳಿದ್ದರಿಂದ ತುಂಬಿಕೊಂಡಿದ್ದೇನೆ. ಅವಳು ಸಾಲಿನ ನಡುವೆ ಹಾದು ನೇರ ತನ್ನ ಗೂಟದ ಹತ್ತಿರ ಬಂದು ನಿಂತಳಂತೆ. ಕತ್ತಿನಲ್ಲಿ ರಕ್ತ ಕಟ್ಟಿತ್ತು. ತೊಡೆಯ ಮೇಲೆ ಕೆಂಪು ಹುಣ್ಣು, ಅದರ ತುಂಬ ನೊಣ.

ಪಂತನಿಗೆ ಸುದ್ದಿ ಹೋಯಿತು. ಅವನು ಬಂದ.

"ಏನಯ್ಯಾ, ಇದು ನಿನ್ನ ಕುದುರೆಯೇ?"

ಗೌಜಲಿ ಮೂಗಿನಿಂದ ಹುರುಳಿಚೀಲವನ್ನು ದೂಡಿದಳು. ನನಗೆ ಅವಳ ಬಿಸಿ ಉಸಿರು ತಾಕಿತು.

"ಅಲ್ಲ ಸ್ವಾಮಿ. ನಂದಲ್ಲ."

"ನಿನ್ನ ಗೂಟಕ್ಕೇ ಬಂದಿದೆಯಲ್ಲ?"

"ಹುರುಳಿ ವಾಸ್ನೆಗೆ ಬಂದೈತೆ. ಹಸಿದಿರೋ ಕುದುರೆ."

"ನೀನು ಹೇಳಯ್ಯಾ," ಎಂದ ಪಂತ ಇಮಾಂಬೇಗನಿಗೆ. "ಇದು ಇವನ ಕುದುರೆಯೋ ಅಲ್ಲವೋ?"

"ಹುಜೂರ್, ಧೂಳು ಕುಡಿದ ಮೇಲೆ ಎಲ್ಲ ಕುದುರೇನೂ ಬೂದುಗುದುರೇನೇ. ನಾ ಏನಂತ ಹೇಳ್ಲಿ?"

ಆ ಸಾಲಿನಲ್ಲಿ ಅವಳನ್ನು ಗುರುತಿಸದವನು ಒಬ್ಬನೂ ಇರಲಿಲ್ಲ. ಕೆಲವರು ಸೂರಯ್ಯನ ಮೇಲಿನ ಕನಿಕರಕ್ಕೆ ಸುಮ್ಮನಿದ್ದರು. ಕೆಲವರು ತಾವೂ ಹಿಂದೆ ಅವಸರದಲ್ಲಿ ಕುಯ್ದ ಚರ್ಮಗಳನ್ನು ನೆನೆದು ಸುಮ್ಮನಿದ್ದರು.

"ಬಾಯಿಮಾತು ಬೇಡ," ಎಂದ ಪಂತ. "ಚರ್ಮ ತರಿಸಿ. ಅಳತೆ ಸಾಕ್ಷಿ ಹೇಳುತ್ತದೆ."

ಚರ್ಮ ತಂದರು. ಅವಳ ಹುಣ್ಣಿನ ಮೇಲೆ ಹಾಸಿದರು. ಉಪ್ಪು ತಾಕಿ ಅವಳು ಒದರಿದ್ದು ನನಗೆ ಕೇಳಿಸಿತು. ಉಪ್ಪಿಗೂ ಬಿಸಿಲಿಗೂ ಚರ್ಮ ಸುರುಟಿ ಚಿಕ್ಕದಾಗಿತ್ತು. ಗಾಯ ಊದಿ ದೊಡ್ಡದಾಗಿತ್ತು. ನಡುವೆ ಎರಡು ಬೆರಳು ಜಾಗ ಉಳಿಯಿತು. ಪಂತ ಬೆರಳಿಟ್ಟು ಅಳೆದ. ಎರಡನೇ ಸಲವೂ ಅಳೆದ. ತಪ್ಪು ತೀರ್ಪು ಕೊಡಬಾರದೆಂಬ ಕಾಳಜಿ ಅವನಿಗಿತ್ತು.

"ಕೂಡುವುದಿಲ್ಲ," ಎಂದ. "ಈ ಚರ್ಮ ಈ ಕುದುರೆಯದಲ್ಲ. ಇವನು ಹೇಳಿದ್ದು ಸರಿ. ಯಾರೋ ಬೇರೆ ಪಡೆಯ ಕಳ್ಳ ಮಾಡಿದ ಕೆಲಸ ಇದು."

ಹಸಿ ಚರ್ಮ ಒಣಗಿದರೆ ಕುಗ್ಗುತ್ತದೆ ಎಂಬುದು ಬೇಟೆಯಾಡುವ ಮನೆಯಲ್ಲಿ ಹುಟ್ಟಿದ ಸೂರಯ್ಯನಿಗೆ ಗೊತ್ತಿರದ ಸಂಗತಿಯಲ್ಲ. ಅವನು ಬಾಯಿ ತೆರೆಯಲಿಲ್ಲ. ಕೈಯಳತೆಯ ದೂರದಲ್ಲಿ, ಹುರುಳಿಯೊಳಗೆ, ನಾನಿದ್ದೆ. ನನ್ನನ್ನು ತೆಗೆದು ನನ್ನ ಜೊತೆಯವನ ಪಕ್ಕ ಹಿಡಿದು ತಟ್ಟಿದ್ದರೆ ಸಾಕಿತ್ತು.

ಮುದ್ರೆಯಿಲ್ಲದ ಕುದುರೆ ಸರ್ಕಾರದ್ದಲ್ಲ. ಗೌಜಲಿಯನ್ನು, ಜೀನಿನ ಸಮೇತ, ದಂಡಿಗೆ ಧಾನ್ಯ ಹೊರುವ ಬಂಜಾರರಿಗೆ ಬಿಟ್ಟುಕೊಟ್ಟರು. ಅವಳ ಮೇಲೆ ಗೋಣಿ ಹೇರಿದರು.

ಬಂಜಾರರ ತಂಡ ದಂಡಿನ ಹಿಂದೆಯೇ ನಡೆಯುತ್ತಿತ್ತು. ಬೆಳಗಾಗುತ್ತಲೇ ಅವಳು ಹೇಗೋ ಹಗ್ಗ ಬಿಡಿಸಿಕೊಂಡು ಸೂರಯ್ಯನ ಗೂಟದ ಹತ್ತಿರ ಬಂದು ನಿಲ್ಲುತ್ತಿದ್ದಳು. ಅವನು ಹುಶ್ ಎಂದು ಅಟ್ಟುತ್ತಿದ್ದ. ಮಣ್ಣಹೆಂಟೆ ಎಸೆಯುತ್ತಿದ್ದ. ಸಾಲಿನವರು ಬೆನ್ನು ತಿರುಗಿಸುತ್ತಿದ್ದರು. ಒಂದು ಬೆಳಗ್ಗೆ ಪಂತ ಕುದುರೆಗಳನ್ನು ನೋಡುತ್ತ ಆ ಕಡೆಗೇ ಬರುತ್ತಿದ್ದ. ಗೌಜಲಿ ಸೂರಯ್ಯನ ಭುಜದ ಮೇಲೆ ಗಲ್ಲ ಇಟ್ಟು ನಿಂತಿದ್ದಳು. ಅವನು ಬೆದರಿ ಹುರುಳಿಚೀಲಕ್ಕೆ ಕೈಹಾಕಿ, ಕೈಗೆ ಸಿಕ್ಕಿದ್ದನ್ನು ಬೀಸಿ ಎಸೆದ. ಸಿಕ್ಕಿದ್ದು ನಾನು.

ನಾನು ಅವಳ ಮುಂಗಾಲಿನ ಮಂಡಿಗೆ ಬಡಿದು ಕರಿಕಲ್ಲಿನ ಮೇಲೆ ಬಿದ್ದೆ. ನನ್ನ ಅಂಚು ಬಾಗಿತು. ಅವಳು ಕೂಗಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು, ಕುಂಟುತ್ತ ಹೋದಳು. ಆಮೇಲೆ ಬರಲಿಲ್ಲ.

ನನ್ನನ್ನು ಎತ್ತಿಕೊಂಡವನು ಇಮಾಂಬೇಗ. ಪಂತ ಮುಂದೆ ಹೋಗುವವರೆಗೆ ನನ್ನ ಮೇಲೆ ಕಾಲಿಟ್ಟು ನಿಂತಿದ್ದ.

ಸಿರಾಕ್ಕೆ ಮರಳಿದ ಮೇಲೆ ಯೇಸಾಜಿರಾಯ ಮಾತು ಉಳಿಸಿಕೊಂಡ. ಬದಲಿ ಕುದುರೆ ಅವನಿಗೆ ಬಂದಿತ್ತು. ಮರಿಯ ಹಗ್ಗವನ್ನು ಸೂರಯ್ಯನ ಕೈಗೆ ಕೊಟ್ಟ. ಅದು ತಾಯಿಯ ಪಡಿಯಚ್ಚು, ಅದೇ ಬೂದು, ಅದೇ ಚುಕ್ಕೆ. ಇಮಾಂಬೇಗ ನನ್ನನ್ನು ತಂದು ಚಾಚಿದ.

"ತಗೋ ಭಾಯಿ. ಹೊಸ ಜೀನಿಗೆ ಹಾಕ್ಕೋ. ನಿಂದೇ ಅಲ್ವಾ?"

ಸೂರಯ್ಯ ನನ್ನನ್ನು ನೋಡಿದ. ಕಂಬಳಿಯ ನೂಲು ಇನ್ನೂ ಸುತ್ತಿಕೊಂಡೇ ಇತ್ತು.

"ನಂದಲ್ಲ," ಎಂದ.

ಕೆಲವು ವರ್ಷ ಅವನು ಸ್ವಂತ ಕುದುರೆಯ ಸವಾರನಾಗಿ ಬದುಕಿದ. ಜನ ಅವನನ್ನು ಸಿಲ್ಲೇದಾರ ಸೂರಯ್ಯ ಎಂದರು. ಕುದುರೆಗೆ ಮುದ್ರೆ ಹಾಕಿಸುವ ದಿನ ಮಾತ್ರ ಅವನು ಹಗ್ಗವನ್ನು ಬೇರೆಯವರ ಕೈಗೆ ಕೊಟ್ಟು ದೂರ ಹೋಗಿದ್ದನಂತೆ. ಇಮಾಂಬೇಗ ಸೊಂಟ ಹಿಡಿದುಕೊಂಡು ಸವಾರಿ ಬಿಟ್ಟ. ಸಿರಾದ ಕೋಟೆ ಬಾಗಿಲ ಹತ್ತಿರ ಕುದುರೆಗಳಿಗೆ ಲಾಳ ಹೊಡೆಯುವ ಅಂಗಡಿ ಇಟ್ಟ. ನನ್ನನ್ನು ಅದರ ಕಂಬದ ಮೊಳೆಗೆ ನೇತುಹಾಕಿದ. ಅವನೂ ಸೂರಯ್ಯನೂ ದಾರಿಯಲ್ಲಿ ಎದುರಾದರೆ ಹೂಂ ಎಂದರೆ ಹೂಂ, ಅಷ್ಟೇ.

ಒಂದು ಮಧ್ಯಾಹ್ನ ಸೂರಯ್ಯ ಅಂಗಡಿಗೆ ಬಂದ. ಮೊದಲು ನಾನು ನೋಡಿದ್ದು ಅವನ ಪಾದ. ಹಿಮ್ಮಡಿ ಒಡೆದಿತ್ತು, ಧೂಳು ಮಂಡಿಯವರೆಗಿತ್ತು. ನಡೆದುಕೊಂಡು ಬಂದವನ ಕಾಲು.

"ಕುದುರೆ?" ಎಂದ ಇಮಾಂಬೇಗ.

"ಸತ್ತೋತು. ಹೊಳೆಯಾಚೆ, ಲೂಟಿಯೋರ ಬೆನ್ನಟ್ಟಿದ್ವಲ್ಲ, ಅಲ್ಲಿ. ಹೊಟ್ಟೆಗೆ ಗುಂಡು ಬಿತ್ತು."

"ಮುದ್ರೆ ತಂದ್ಯಾ?"

"ಇಲ್ಲ."

ಇಮಾಂಬೇಗ ಸುತ್ತಿಗೆ ಕೆಳಗಿಟ್ಟ. "ಯಾಕ್ಲಾ?"

"ಉಸ್ರು ಐತೇನೋ ಅಂತ ನೋಡ್ತಾ ಕುಂತೆ. ಮೂಗಿಗೆ ಕೈ ಇಟ್ಟೆ, ಕಿವಿ ಇಟ್ಟೆ. ತಣ್ಣಗಾತು. ಆದ್ರೂ ನಂಬಿಕೆ ಬರ್ಲಿಲ್ಲ. ಹದ್ದು ಇಳೀತು. ಓಡಿಸ್ತಾ ಕುಂತೆ. ಬಾಕು ಎತ್ತಕ್ಕೇ ಆಗ್ಲಿಲ್ಲ ಕಣೋ."

"ದಂಡಿನೋರು?"

"ಮಾರ್ಕಂಡು ಬಂದೌನೆ ಅಂದ್ರು."

ತಲೆಗೆ ಕಟ್ಟಿದ್ದ ವಸ್ತ್ರವನ್ನು ಅವನು ತೆಗೆದ. ಬೋಳಿಸಿದ ತಲೆಯ ಮೇಲೆ ಕೂದಲು ಇನ್ನೂ ಮುಳ್ಳಿನ ಹಾಗೆ ಏಳುತ್ತಿತ್ತು. ಇಮಾಂಬೇಗ ಅದನ್ನೇ ನೋಡುತ್ತ ಕೂತ.

"ಆವತ್ತು ನೀನು ಸಾಚಾ ಅಂದ್ರು, ಇವತ್ತು ಕಳ್ಳ ಅಂದ್ರು," ಎಂದ. "ಎರಡು ಸಲಾನೂ ತಪ್ಪಿದ್ರಲ್ಲೋ."

ಸೂರಯ್ಯನ ಕಣ್ಣು ಕಂಬದ ಮೇಲಿತ್ತು. ಎದ್ದುಬಂದು ನನ್ನ ಬಾಗಿದ ಅಂಚಿನ ಮೇಲೆ ಹೆಬ್ಬೆರಳಿಟ್ಟ. ಈ ಸಲ ಕೈಯ ಹೆಬ್ಬೆರಳು.

"ಇದರ ಜೊತೇದು ಎಲ್ಲೈತೋ?"

"ಅವಳ ಹತ್ರಾನೇ ಐತೆ. ಎಲ್ಲಿ ಬಿದ್ದಳೋ ಅಲ್ಲಿ."

ಸೂರಯ್ಯ ನೀರು ಕುಡಿದು, ದುರ್ಗದ ದಾರಿ ಹಿಡಿದು ಹೊರಟ. ಕೋಟೆ ಬಾಗಿಲು ದಾಟುವವರೆಗೆ ಅವನ ಹಿಮ್ಮಡಿ ನನಗೆ ಕಾಣುತ್ತಿತ್ತು. ಆಮೇಲೆ ಅವನ ಸುದ್ದಿ ನನಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಹೇಳುವುದಿಲ್ಲ.

ಇಮಾಂಬೇಗನ ಮಕ್ಕಳು ಲಾಳ ಹೊಡೆದರು, ಮೊಮ್ಮಕ್ಕಳು ಎತ್ತಿನ ಗಾಡಿಗೆ ಪಟ್ಟಿ ಹಾಕಿದರು, ಅವರ ಮಕ್ಕಳು ಜಟಕಾ ಓಡಿಸಿದರು. ಕಂಬ ಬಿದ್ದಾಗ ಗೋಡೆಗೆ ಹೋದೆ, ಗೋಡೆ ಬಿದ್ದಾಗ ಬಾವಿಯ ಕೊಡಕ್ಕೆ ಕೊಕ್ಕೆಯಾದೆ, ಬಾವಿ ಮುಚ್ಚಿದಾಗ ಗುಜರಿಗೆ ಬಂದೆ. ಈಗ ಸಿರಾದ ಹೆದ್ದಾರಿ ಪಕ್ಕದ ಗುಜರಿ ಅಂಗಡಿಯಲ್ಲಿ, ಬಸ್ಸಿನ ಬಿಡಿಭಾಗಗಳ ನಡುವೆ ಬಿದ್ದಿದ್ದೇನೆ. ಕಂಬಳಿಯ ನೂಲು ಎಂದೋ ಹೋಯಿತು.

ಮೊನ್ನೆ ಹಳೆಯ ಸಾಮಾನು ಕೂಡಿಸುವ ಒಬ್ಬರು ಕಾರು ನಿಲ್ಲಿಸಿ ಬಂದರು. ನನ್ನನ್ನು ತಿರುಗಿಸಿ ನೋಡಿ, ಜೋಡಿ ಇದೆಯಾ ಎಂದು ಕೇಳಿದರು. ಇಲ್ಲ ಎಂದ ಅಂಗಡಿಯವನು. ಅವರು ಬಾಗಿದ ಅಂಚಿನ ಮೇಲೆ ಬೆರಳಾಡಿಸಿದರು.

"ಇದೇನಪ್ಪ ಇಲ್ಲಿ?"

"ಯುದ್ಧದಾಗೆ ಬಿದ್ದ ಏಟು ಸಾರ್. ಕತ್ತೀದು."

ಅವರು ನನ್ನನ್ನು ಗೌರವದಿಂದ ನೋಡಿ, ಜೋಡಿಯಿಲ್ಲದ್ದು ಬೇಡವೆಂದು ಕೆಳಗಿಟ್ಟು ಹೋದರು.

ಅದು ಕತ್ತಿಯ ಏಟಲ್ಲ. ಯುದ್ಧದಲ್ಲಿ ಬಿದ್ದದ್ದೂ ಅಲ್ಲ. ಯುದ್ಧ ಮುಗಿದ ಮೇಲೆ, ಒಂದು ಬೆಳಗ್ಗೆ, ಗೂಟಕ್ಕೆ ಮರಳಿ ಬಂದವಳಿಗೆ ಬಡಿದದ್ದು.